ಸ್ವಲ್ಪ ಮುಂದೆ ಬರಬೇಕು

ಮೊನ್ನೆ ಹಪ್ಪಳ ಹರವಲು ಹಳೆಯ ಬಟ್ಟೆ ಹುಡುಕುತ್ತ ಕಪಾಟಿನ ಮೇಲಿನ ಬಾಗಿಲು ತೆಗೆದೆ. ಶಾಲುಗಳು ಒಂದರ ಹಿಂದೊಂದು ತಲೆಯ ಮೇಲೆ ಸುರಿದವು. ಎಲ್ಲವೂ ಸನ್ಮಾನದ ಶಾಲುಗಳು: ಮೈಗೆ ಚುಚ್ಚುವ ಜರಿ, ಒಗೆದರೆ ಬಿಡುವ ಬಣ್ಣ. ನಮ್ಮ ಕಲಬುರಗಿಯ ಬಿಸಿಲಿನಲ್ಲಿ ಶಾಲು ಹೊದಿಸುವುದು ಗೌರವವೋ ಶಿಕ್ಷೆಯೋ ನನಗೆ ಇನ್ನೂ ತಿಳಿದಿಲ್ಲ. ಇಷ್ಟು ಶಾಲು ಕಂಡು ನಾನು ದೊಡ್ಡ ಸಾಧಕಿ ಎಂದುಕೊಳ್ಳಬೇಡಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ರಜೆಯ ದಿನಗಳಲ್ಲಿ ಊರವರ ಸಭೆ ಸಮಾರಂಭಗಳ ನಿರೂಪಣೆ ಮಾಡುವವಳು. ಸನ್ಮಾನ ಇನ್ಯಾರದೋ ಇರುತ್ತದೆ. ಎಲ್ಲ ಮುಗಿದ ಮೇಲೆ ತಟ್ಟೆಯಲ್ಲಿ ಶಾಲೊಂದು ಉಳಿದಿದ್ದರೆ, ಅಕ್ಕೋರಿಗೂ ಒಂದು ಹಾಕ್ರಿ ಎಂದು ಯಾರಾದರೂ ಅನ್ನುತ್ತಾರೆ. ನನ್ನ ಕಪಾಟು ತುಂಬಿದ್ದು ಹೀಗೆ ಉಳಿದವುಗಳಿಂದ.

ಅವುಗಳಲ್ಲಿ ಹಸಿರು ಅಂಚಿನ ಬಿಳಿ ಶಾಲು ಒಂದಿದೆ. ಅದು ಉಳಿದದ್ದಲ್ಲ. ಕಮಲಾಪುರದಲ್ಲಿ ಗೌಡರಿಗೆ ಹೊದಿಸಬೇಕಾಗಿದ್ದದ್ದು. ಹೊದಿಸುವ ಮೊದಲೇ ಗೌಡರು ಗುಂಡೇಟಿಗೆ ಬಿದ್ದರು. ನಾನು ವೇದಿಕೆಯ ಮೆಟ್ಟಿಲ ಮೇಲೆ ಕೂತು ನಡುಗುತ್ತಿದ್ದಾಗ ಯಾರೋ ಅದನ್ನು ತಂದು ನನ್ನ ಹೆಗಲಿಗೆ ಹಾಕಿದರು. ಯಾರು ಹಾಕಿದರು? ಗೊತ್ತಿಲ್ಲ. ಆ ದಿನದ ವಿಷಯದಲ್ಲಿ ಈ ಮಾತನ್ನು ನಾನು ಬಹಳ ಸಲ ಹೇಳುವವಳಿದ್ದೇನೆ. ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಕಮಲಾಪುರ ನನಗೆ ಪರಸ್ಥಳವಲ್ಲ. ಅಪ್ಪ ಅಲ್ಲಿ ಪೋಸ್ಟ್ ಮಾಸ್ತರರಾಗಿದ್ದರು. ನಾನು ಓದು ಬರಹ ಕಲಿತದ್ದು ಅಲ್ಲಿ, ಮೊದಲ ಸಲ ಮೈಕು ಹಿಡಿದದ್ದೂ ಅಲ್ಲಿಯೇ. ಶಾಲೆಯ ಗ್ಯಾದರಿಂಗಿನಲ್ಲಿ ವಂದನಾರ್ಪಣೆಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೆಡ್‌ಮಾಸ್ತರರಿಂದ ಹಿಡಿದು ಪೆಂಡಾಲಿನವರ ತನಕ ಎಲ್ಲರಿಗೂ ವಂದನೆ ಹೇಳಿ ಮುಗಿಸಿದೆ. ಮೈಕು ಇನ್ನೂ ಕೈಯಲ್ಲೇ ಇತ್ತಲ್ಲ, ಬಿಡಲು ಮನಸ್ಸಾಗದೆ ಶಾಲೆಯ ಹಿಂದಿನ ಹುಣಸೆ ಮರಕ್ಕೂ ವಂದನೆ ಹೇಳಿದೆ. ಜನ ನಕ್ಕರು. ಆಡಿದ ಮಾತು ನಗೆಯಾಗಿ ಮರಳಿ ಬರುವ ರುಚಿ ಅಂದು ಹತ್ತಿತು. ಅಂದಿನಿಂದ ಮೈಕಿನ ಮುಂದೆ ಬಾಯಿ ಮುಚ್ಚಿ ನಿಲ್ಲುವುದು ನನ್ನಿಂದ ಆಗಿಲ್ಲ. ಅತಿಥಿ ತಡವಾಗಲಿ, ದೀಪ ಹತ್ತದೆ ಸತಾಯಿಸಲಿ, ಹಾರ ಹರಿಯಲಿ, ನಡುವಿನ ಖಾಲಿಯನ್ನು ನಾನು ತುಂಬುತ್ತೇನೆ. ಏನಾದರೊಂದು ಹೇಳುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ.

ಕಮಲಾಪುರ ಎಂದ ಮೇಲೆ ಕೆಂಪು ಬಾಳೆಹಣ್ಣಿನ ಮಾತು ಬರಲೇಬೇಕು. ನಮ್ಮ ಮನೆಯಲ್ಲಿ ಆ ಹಣ್ಣನ್ನು ಸುಲಿದು ತಿನ್ನುವ ಹಾಗಿರಲಿಲ್ಲ, ಅಷ್ಟು ತುಟ್ಟಿ. ಅವ್ವ ಚಾಕುವಿನಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಎಲ್ಲರ ತಟ್ಟೆಗೂ ಹಾಕುತ್ತಿದ್ದಳು. ಒಮ್ಮೆ, ಪಡಸಾಲೆಯಲ್ಲಿ ತೂಗುಹಾಕಿದ್ದ ಗೊನೆಯಿಂದ ಇಡೀ ಒಂದು ಚಿಪ್ಪು ಹಣ್ಣು ಕಾಣೆಯಾಯಿತು. ಅಣ್ಣ ಮಂಗ ಒಯ್ದಿತು ಎಂದ. ಅಜ್ಜಿ ಪಕ್ಕದ ಮನೆಯ ಗೋಡೆಯತ್ತ ಕಣ್ಣು ಹಾಯಿಸಿದಳು. ಅಪ್ಪ ಹೆಗ್ಗಣ ಎಂದರು. ನಾನು, ಮಂಗನನ್ನು ನಾನೇ ನೋಡಿದೆ ಎಂದೆ: ಮೋಟು ಬಾಲದ್ದು, ಒಂದು ಕಿವಿ ಹರಿದದ್ದು. ಸುಳ್ಳು ಹೇಳಲಿಲ್ಲ. ಅಣ್ಣ ಹೇಳಿದ ಮೇಲೆ ನನಗೆ ನಿಜಕ್ಕೂ ಕಂಡಿತ್ತು. ಎಷ್ಟೋ ವರ್ಷಗಳ ಮೇಲೆ ಅವ್ವ ನಗುತ್ತ ಹೇಳಿದಳು, ಆ ಚಿಪ್ಪನ್ನು ಹಾಲಿನವಳ ಬಸುರಿ ಮಗಳಿಗೆ ತಾನೇ ಕೊಟ್ಟಿದ್ದಳಂತೆ, ಅಜ್ಜಿಗೆ ಹೆದರಿ ಸುಮ್ಮನಿದ್ದಳಂತೆ. ಇಷ್ಟು ತಿಳಿದರೂ ಆ ಮಂಗ ನನ್ನ ಕಣ್ಣಿನಿಂದ ಹೋಗಿಲ್ಲ. ಈಗ ಕೇಳಿದರೂ ಅದು ಯಾವ ಕಡೆಗೆ ಜಿಗಿಯಿತೆಂದು ಹೇಳುತ್ತೇನೆ.

ಇಂಥವಳನ್ನು ಪೊಲೀಸರು ಮುಖ್ಯ ಸಾಕ್ಷಿ ಮಾಡಿದ್ದಾರೆ.

ಗೌಡರು ಎಂದು ನಾನು ಅನ್ನುತ್ತಿರುವವರು ಜಿಲ್ಲಾ ಪಂಚಾಯಿತಿಗೆ ಎರಡು ಸಲ ಗೆದ್ದವರು. ವಿಧಾನಸಭೆಯ ಟಿಕೆಟ್ಟು ಈ ಸಲ ಅವರಿಗೇ ಎಂದು ಮಾತಾಗಿತ್ತು. ಆ ಖುಷಿಗೆ ಕಮಲಾಪುರದ ಅಭಿಮಾನಿಗಳು ಸನ್ಮಾನ ಇಟ್ಟುಕೊಂಡರು. ಈಗಿನ ಲೀಡರುಗಳಿಗೆ ಹೂವಿನ ಹಾರ ಸಾಲುವುದಿಲ್ಲ. ಬೇರೆ ಊರುಗಳಲ್ಲಿ ಸೇಬಿನ ಹಾರ ಕಟ್ಟಿ ಜೆಸಿಬಿಯಿಂದ ಎತ್ತಿಸಿ ಹಾಕುತ್ತಾರೆ. ನಮ್ಮೂರಿಗೆ ಪರದೇಶದ ಸೇಬು ಯಾಕೆ ಎಂದು ಇವರು ಕೆಂಪು ಬಾಳೆಹಣ್ಣಿನ ಹಾರ ಕಟ್ಟಿಸಿದರು. ಊರಿನ ಅಭಿಮಾನ ಮೆಚ್ಚತಕ್ಕದ್ದೇ. ಆದರೆ ಸೇಬು ದುಂಡಗೆ ಸುಮ್ಮನಿರುತ್ತದೆ. ಬಾಳೆಯ ಚಿಪ್ಪುಗಳು ಎಲ್ಲ ಕಡೆಗೂ ಬೆರಳು ಚಾಚಿಕೊಂಡಿರುತ್ತವೆ. ಜೆಸಿಬಿ ಹಾರ ಇಳಿಸಿದಾಗ ಗೌಡರು ಅದರ ಹಿಂದೆ ಪೂರ್ತಿ ಮುಚ್ಚಿಹೋದರು. ರುಮಾಲಿನ ತುದಿಯೊಂದು ಮಾತ್ರ ಹಣ್ಣುಗಳ ಮೇಲೆ ಕಾಣುತ್ತಿತ್ತು.

ಆಗ ನಾನು ಮೈಕಿನಲ್ಲಿ ಹೇಳಿದೆ: “ಮಾನ್ಯ ಗೌಡರು ದಯವಿಟ್ಟು ಸ್ವಲ್ಪ ಮುಂದೆ ಬರಬೇಕು.”

ಗೌಡರು ಹಾರದ ಕೆಳಗಿನಿಂದ ನುಸುಳಿ, ಕೈ ಮುಗಿದುಕೊಂಡು ಮುಂದೆ ಬಂದರು. ಕೆಳಗೆ ಪಟಾಕಿ ಸರ ಸಿಡಿಯುತ್ತಿತ್ತು. ಆ ಸದ್ದಿನಲ್ಲೇ ಬೇರೆ ಸದ್ದು ಸೇರಿಕೊಂಡಿತು. ಗೌಡರು ಮಂಡಿಯೂರಿದರು. ಊರಿನ ಮಣ್ಣಿಗೆ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಇಂಥ ಹಾರ ಹಾಕಿದ ಕೂಡಲೇ ಜನ ನುಗ್ಗಿ ಹಣ್ಣು ಕಿತ್ತುಕೊಳ್ಳುವುದು ಎಲ್ಲ ಕಡೆಯ ಪದ್ಧತಿ, ಅಂದೂ ನುಗ್ಗಿದರು. ಗೌಡರು ಬಿದ್ದಿದ್ದಾರೆ, ಅವರ ಸುತ್ತ ಜನ ಬಾಳೆಹಣ್ಣು ಕೀಳುತ್ತಿದ್ದಾರೆ, ಮತ್ತು ನಾನು ಖಾಲಿ ತುಂಬುತ್ತಿದ್ದೇನೆ. “ದಯವಿಟ್ಟು ಯಾರೂ ಹಣ್ಣು ಕೀಳಬಾರದು, ಕಾರ್ಯಕ್ರಮ ಇನ್ನೂ ಮುಗಿದಿಲ್ಲ” ಎನ್ನುತ್ತಿದ್ದೇನೆ. ಇದರ ವಿಡಿಯೋ ಜಿಲ್ಲೆಯ ಅರ್ಧ ಫೋನುಗಳಲ್ಲಿದೆ.

ಒಂದು ಗುಂಡು ಗೌಡರ ಜೀವ ತೆಗೆಯಿತು. ಇನ್ನೊಂದು ನನ್ನ ಮುಂದೆ ಇದ್ದ ಪೋಡಿಯಮ್ಮಿನ ಹಲಗೆಯಲ್ಲಿ ಕೂತಿತು. ಅದನ್ನು ನನಗೆ ತೋರಿಸಿದವರು ಪೊಲೀಸರು: ಹೊಟ್ಟೆಯ ಎತ್ತರದಲ್ಲಿ, ಕಿರುಬೆರಳು ಹೋಗುವಷ್ಟು ತೂತು. ಸಾಗುವಾನಿ ಹಲಗೆ, ದಪ್ಪಗಿತ್ತು. ಪ್ಲೈವುಡ್ಡಿನದಾಗಿದ್ದರೆ ಈ ಪ್ರಬಂಧವನ್ನು ಬೇರೆಯವರು ಬರೆಯಬೇಕಾಗಿತ್ತು. ಈಗಲೂ ಕುಕ್ಕರ್ ಸೀಟಿ ಹೊಡೆದರೆ ನನ್ನ ಕೈ ತಾನಾಗಿ ಹೊಟ್ಟೆಗೆ ಹೋಗುತ್ತದೆ. ತರಗತಿಯಲ್ಲಿ ಮಕ್ಕಳು ಡೆಸ್ಕು ಬಡಿದರೆ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತೇನೆ; ಮುಖ ಅವರಿಗೆ ಕಾಣಬಾರದೆಂದು.

ಗುಂಡು ಹಾರಿಸಿದವನು ಬೇಗನೆ ಸಿಕ್ಕಿಬಿದ್ದ. ಮಾಡಿಸಿದವರು ಯಾರೆಂದು ಮಾತ್ರ ಅವನು ಬಾಯಿ ಬಿಟ್ಟಿಲ್ಲ. ಅವನು ಬಿಡದ ಬಾಯನ್ನು ಊರೆಲ್ಲ ಬಿಟ್ಟಿದೆ. ಶರಣಸಿರಸಗಿ ಕಡೆಯ ಲೇಔಟಿನ ಜಗಳ ಎಂದು ಸ್ಟಾಫ್ ರೂಮಿನಲ್ಲಿ ಸಮಾಜ ವಿಜ್ಞಾನದವರು. ಟಿಕೆಟ್ಟಿಗಾಗಿ ಅವರ ಪಕ್ಷದವರೇ ಎಂದು ಗಣಿತದವರು. ನೆಹರು ಗಂಜಿನಲ್ಲಿ ನಾವು ಬೇಳೆ ಕೊಳ್ಳುವ ಅಂಗಡಿಯವರಂತೂ ಗೌಡರು ಸತ್ತೇ ಇಲ್ಲ, ಹೈದರಾಬಾದಿನಲ್ಲಿ ಕೂತಿದ್ದಾರೆ ಎಂದರು. ನಾನು ಅವರ ರಕ್ತ ಕಣ್ಣಾರೆ ನೋಡಿದ್ದೇನೆ ಎಂದೆ. “ಕಣ್ಲೆ ನೋಡಿದ್ದೆಲ್ಲಾ ಖರೇ ಇರಂಗಿಲ್ರಿ ಅಕ್ಕೋರ” ಎಂದು ತೊಗರಿಬೇಳೆ ತೂಗಿದರು. ನನಗೆ ಮೋಟು ಬಾಲದ ಮಂಗ ನೆನಪಾಯಿತು. ಬೇಳೆ ತೆಗೆದುಕೊಂಡು ಮನೆಗೆ ಬಂದೆ.

ಮನೆಯಲ್ಲಾದರೂ ಸಮಾಧಾನ ಇದೆಯೇ ಎಂದರೆ, ಅಲ್ಲಿ ಮಾವನವರಿದ್ದಾರೆ. ತಹಸೀಲ ಕಚೇರಿಯಿಂದ ನಿವೃತ್ತರಾಗಿ ಕೆಲಸವಿಲ್ಲದೆ ಸೊರಗಿದ್ದವರು ಈ ಪ್ರಕರಣದಿಂದ ಮೈ ತುಂಬಿಕೊಂಡಿದ್ದಾರೆ. ಒಂದು ದಿನ ರೊಟ್ಟಿ ಬಡಿಯುತ್ತಿದ್ದೆ. ಅವರು ಅಡುಗೆಮನೆಗೆ ಬಂದು ಹಿಟ್ಟು ನಾದುವ ಪರಾತವನ್ನು ಬೋರಲು ಹಾಕಿ ವೇದಿಕೆ ಮಾಡಿದರು. ಉಪ್ಪಿನ ಡಬ್ಬಿ ಗೌಡರು. ಲಟ್ಟಣಿಗೆ ಜೆಸಿಬಿ. ಬೆಳ್ಳುಳ್ಳಿಯ ಎಸಳುಗಳು ಜನ.

“ನೋಡು ಸುನಂದಾ, ಗುಂಡು ಬಲಗಡಿಂದ ಬಂದ್ರ ಗೌಡ ಹಿಂಗ ಬೀಳಬೇಕಿತ್ತು. ಅವ ಹಂಗ ಬಿದ್ದಾನ. ಅಂದ್ರ ಇಬ್ರಿದ್ರು.”

“ನಾ ಎಲ್ಲಿದ್ದೀನ್ರಿ ಮಾವಾರ ಇದರಾಗ?”

ಅವರು ಸುತ್ತ ನೋಡಿ ಖಾರದ ಪುಡಿಯ ಡಬ್ಬಿಯನ್ನು ತಂದು ಪರಾತದ ಮೇಲಿಟ್ಟರು. ಗುಂಡಿನ ದಾರಿಗೆ ಅದು ಅಡ್ಡ ಬಂತು. ಸ್ವಲ್ಪ ಯೋಚಿಸಿ ಎತ್ತಿ ಬದಿಗಿಟ್ಟರು. ನಾನು ಇಲ್ಲದಿದ್ದರೆ ಲೆಕ್ಕ ಸರಿಯಾಗಿ ಕೂಡುತ್ತಿತ್ತು.

ನಗುತ್ತೇನೆ, ಆದರೆ ಎಲ್ಲರ ವಾದವೂ ಸುತ್ತಿ ಬಳಸಿ ಬಂದು ನಿಲ್ಲುವುದು ನನ್ನ ಆ ಒಂದು ವಾಕ್ಯದ ಮೇಲೆಯೇ. ಬಾಳೆಹಣ್ಣಿನ ಹಿಂದಿದ್ದ ಗೌಡರಿಗೆ ಯಾರೂ ಗುರಿ ಇಡಲು ಆಗುತ್ತಿರಲಿಲ್ಲ. ಅವರನ್ನು ಈಚೆಗೆ ಕರೆದವಳು ನಾನು. ಕರೆಸಿದವರು ಯಾರು? ವಿಡಿಯೋದಲ್ಲಿ, ಆ ವಾಕ್ಯ ಹೇಳುವ ಮುಂಚೆ ನಾನು ಎಡಗಡೆ ನೋಡಿ ತಲೆಯಾಡಿಸುತ್ತೇನೆ. ಎಡಗಡೆ ಚೌಕಟ್ಟಿನ ಆಚೆ ಗೌಡರ ಭಾವಮೈದುನ ಇದ್ದರು, ಸಮಿತಿಯವರಿದ್ದರು, ಫೋಟೋಗ್ರಾಫರ್ ಸಿದ್ದು ಇದ್ದ. ನಾನು ತಲೆಯಾಡಿಸಿದ್ದು ಇವರಲ್ಲಿ ಯಾರಿಗೆ?

ಸಿದ್ದುವಿನ ಸ್ಟುಡಿಯೋ ಕಲಬುರಗಿಯಲ್ಲಿ, ಕೋಟೆಯ ಹತ್ತಿರ. ನಮ್ಮ ಕಡೆಯ ಸಮಾರಂಭಗಳಿಗೆ ಅಧ್ಯಕ್ಷರು ಯಾರೇ ಇರಲಿ, ನಿಜವಾದ ಯಜಮಾನ ಫೋಟೋಗ್ರಾಫರ್. ಮಂತ್ರಿಗಳಿಗೆ ಗದ್ದ ಎತ್ತಲು ಹೇಳುವವನು ಅವನು. ಫೋಟೋ ಬರಲಿಲ್ಲವೆಂದು ಹಾಕಿದ ಹಾರ ತೆಗೆಸಿ ಮತ್ತೆ ಹಾಕಿಸುವವನು ಅವನು. ಅವನು ಕೈಸನ್ನೆ ಮಾಡುತ್ತಾನೆ, ನಾನು ಅದನ್ನು ಒಳ್ಳೆಯ ಕನ್ನಡ ಮಾಡಿ ಮೈಕಿನಲ್ಲಿ ಹೇಳುತ್ತೇನೆ. ಎಷ್ಟೋ ಸಮಾರಂಭಗಳನ್ನು ನಾವಿಬ್ಬರೂ ಹೀಗೆಯೇ ದಾಟಿಸಿದ್ದೇವೆ. ಅಂದೂ ಅವನೇ ಹೇಳಿರಬೇಕು. ಬಾಳೆಹಣ್ಣಿನ ಫೋಟೋ ತೆಗೆಯಲು ಅವನನ್ನು ಕರೆಸಿರಲಿಲ್ಲವಲ್ಲ. ಆದರೆ ಎಷ್ಟೋ ಸಲ ಅವನು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ, ಅದೂ ನಿಜ. ಯಾರೂ ಏನೂ ಹೇಳದಿದ್ದರೂ ವೇದಿಕೆಯ ಮೇಲೆ ಸುಮ್ಮನೆ ತಲೆಯಾಡಿಸುವುದೂ ನನಗೆ ಚಾಳಿ.

ಪೊಲೀಸರು ಅವನನ್ನು ಕೇಳಿದಾಗ ಸಿದ್ದು, “ಹೇಳಿರಬೇಕ್ರಿ ಸಾಹೇಬ್ರ, ನಾ ಎಲ್ಲಾರಿಗೂ ಅದೇ ಹೇಳ್ತೀನಿ” ಅಂದನಂತೆ. ಅವನಿಗೆ ಮುಳುವಾದದ್ದು ಆ ಮಾತು. ಕ್ಯಾಮೆರಾ ಪೊಲೀಸರ ವಶಕ್ಕೆ ಹೋಯಿತು. ಗುಂಡು ಹಾರಿದ ಕ್ಷಣದ ಫೋಟೋ ಅದರಲ್ಲಿ ಇರಲಿಲ್ಲ; ಬ್ಯಾಟರಿ ಬದಲಿಸುತ್ತಿದ್ದೆ ಎಂದ. ಅಳಿಸಿದ್ದಾನೆ ಎಂದು ಊರು ತೀರ್ಮಾನಿಸಿತು. ಈಗ ಅವನನ್ನು ಠಾಣೆಗೆ ಮೇಲಿಂದ ಮೇಲೆ ಕರೆಯುತ್ತಾರೆ. ಮದುವೆಯವರು ಬೇರೆ ಸ್ಟುಡಿಯೋ ಹುಡುಕಿಕೊಂಡಿದ್ದಾರೆ. ಗೌಡರನ್ನು ಮುಂದೆ ಕರೆಯಲು ಅವನೇ ಹೇಳಿದ ಎಂದು ನಾನು ನ್ಯಾಯಾಧೀಶರ ಮುಂದೆ ಹೇಳಿದರೆ ಅವನನ್ನು ಆರೋಪಿ ಮಾಡುತ್ತಾರೆ, ಇಲ್ಲ ಎಂದರೆ ಬಿಡುತ್ತಾರೆ. ಇದು ನಮಗೆ ಗೊತ್ತಿರುವ ವಕೀಲರೊಬ್ಬರ ಅಭಿಪ್ರಾಯ.

ಗೌಡರ ಭಾವಮೈದುನ ಪೇಡೆಯ ಡಬ್ಬಿ ಹಿಡಿದು ಮನೆಗೆ ಬಂದರು. ಬಹಳ ಮರ್ಯಾದೆಯ ಮನುಷ್ಯ. ಬೆದರಿಕೆಯ ಒಂದು ಮಾತೂ ಆಡಲಿಲ್ಲ. “ಖರೇ ಏನದ ಅಷ್ಟೇ ಹೇಳ್ರಿ ಮೇಡಮ್ಮೋರ. ಫೋಟೋದವ ಕರೀರಿ ಅಂದ, ನೀವು ಕರದ್ರಿ. ಅಷ್ಟೇ ಖರೇ” ಎಂದರು. ಅವರೇ ಅಕ್ಕನನ್ನು ವಿಧವೆ ಮಾಡಿಸಿದವರು ಎನ್ನುವ ವಾದವೂ ಊರಲ್ಲಿದೆ. ಆದರೆ ಮಾತಾಡುತ್ತ ಅವರ ಕಣ್ಣು ತುಂಬಿ ಬಂತು. ನನಗೆ ಅವರ ಮೇಲೆ ಕನಿಕರವೂ ಬಂತು, ಹೆದರಿಕೆಯೂ ಬಂತು. ಪೇಡೆ ಯಾರೂ ತಿನ್ನಲಿಲ್ಲ. ವಿಷ ಇರಬಹುದೆಂದು ಮಾವನವರ ಅನುಮಾನ. ಸಂಜೆ ಕೆಲಸದವಳು ಕೇಳಿ ಒಯ್ದಳು; ಮರುದಿನ ಅವಳು ಬರುವ ತನಕ ನನಗೆ ಜೀವದಲ್ಲಿ ಜೀವ ಇರಲಿಲ್ಲ.

ಸಿದ್ದುವಿನ ಹೆಂಡತಿ ಮಹಾದೇವಿ ಬಂದದ್ದು ಅದಾದ ಮೇಲೆ. ನನ್ನ ಬ್ಲೌಸುಗಳನ್ನೆಲ್ಲ ಹೊಲಿಯುವವಳು ಅವಳು. ಹೊಲಿಯಲು ಕೊಟ್ಟಿದ್ದನ್ನು ತಂದಿದ್ದೇನೆ ಎನ್ನುವ ನೆವ ಮಾಡಿಕೊಂಡು ಬಂದಿದ್ದಳು. ಕೂಡ್ರು ಎಂದರೂ ನಿಂತೇ ಇದ್ದಳು.

“ಅಕ್ಕೋರ, ಅವ ಹೇಳಿಲ್ಲ ಅಂತ ಹೇಳ್ರಿ. ನಿಮಗೇನೂ ಆಗಂಗಿಲ್ಲ, ನೀವು ನೌಕರಿಯವರು. ನಾವು ಹಾಳಾಗ್ತೀವಿ.”

“ನನಗ ನೆಪ್ಪಿಲ್ಲ ಮಹಾದೇವಿ. ಹೇಳ್ಯಾನೋ ಇಲ್ಲೋ.”

“ಅವಗೂ ನೆಪ್ಪಿಲ್ರಿ. ಮನ್ಯಾಗ ಕುಂತು ದಿನಾ ಅದೇ ವಿಚಾರ ಮಾಡತಾನ. ಅಂದಿದ್ದೆ ಅಂತಾನ, ಅಂದಿಲ್ಲ ಅಂತಾನ. ನೆಪ್ಪಿಲ್ಲಂದ್ರ ಒಳ್ಳೇದು ಯಾವುದದ ಅದನ್ನ ಹೇಳಬಾರದೇನ್ರಿ?”

ಅವಳು ಹೋದ ಮೇಲೆ ಬ್ಲೌಸು ಹಾಕಿಕೊಂಡು ನೋಡಿದೆ. ತೋಳು ಬಿಗಿಯಾಗಿತ್ತು. ಅವಳ ಕೈ ತಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನೆನಪಿಲ್ಲದಿದ್ದರೆ ನೆನಪಿಸಿಕೊಳ್ಳೋಣ ಎಂದು ಒಂದು ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ಮೈದಾನ ಬರಿದಾಗಿತ್ತು. ಎರಡು ಎಮ್ಮೆ ಮೇಯುತ್ತಿದ್ದವು. ನಾನು ನಿಂತದ್ದು ಎಲ್ಲಿ ಎಂದು ಅಂದಾಜು ಮಾಡುತ್ತಿದ್ದೆ, ಅಷ್ಟರಲ್ಲಿ ಚಹಾದ ಹೋಟೆಲಿನಿಂದ ಜನ ಎದ್ದು ಬಂದರು. ನನ್ನ ಗುರುತು ಅವರಿಗೆ ಹತ್ತಿತು. ಹಣ್ಣು ಕೀಳಬಾರದು ಎಂದವಳಲ್ಲವೇ. ನಾನು ನಿಂತಿದ್ದ ಜಾಗವನ್ನು ನನಗೇ ತೋರಿಸಿದರು. ಒಬ್ಬರು ಕಂಬದ ಹತ್ತಿರ ಎಂದರು. ಇನ್ನೊಬ್ಬರು ಛೇ, ಅಲ್ಲಲ್ಲ ಎಂದು, ನನ್ನ ತೋಳು ಹಿಡಿಯಲು ನಾಚಿ ಸೆರಗಿನ ತುದಿ ಹಿಡಿದು ಎಮ್ಮೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಮೂರನೆಯವರು ನಾನು ವೇದಿಕೆಯ ಮೇಲೆಯೇ ಇರಲಿಲ್ಲ, ಕೆಳಗಿನಿಂದ ಮಾತಾಡಿದೆ ಎಂದರು. ಎಲ್ಲರೂ ಅಂದು ಅಲ್ಲಿದ್ದವರೇ. ನಾನು ಅವರು ಹೇಳಿದಲ್ಲೆಲ್ಲ ನಿಂತು ನೋಡಿದೆ.

ವಿಚಿತ್ರವೆಂದರೆ, ಕಣ್ಣು ಮುಚ್ಚಿದಾಗ ಆ ದಿನ ನನಗೆ ಚೆನ್ನಾಗಿಯೇ ಕಾಣುತ್ತಿತ್ತು: ಕೆಂಪು ಹಾರ, ರುಮಾಲು, ಎಡಗಡೆ ತಿರುಗಿ ತಲೆಯಾಡಿಸುವ ಹಸಿರು ಸೀರೆಯ ಹೆಂಗಸು. ಆ ಹೆಂಗಸು ನಾನು. ಮೈಕಿನ ಹಿಂದೆ ನಿಂತಿದ್ದ ನನಗೆ ನನ್ನ ಮುಖ ಹೇಗೆ ಕಂಡೀತು? ನನ್ನ ತಲೆಯಲ್ಲಿ ಇರುವುದು ಆ ದಿನವಲ್ಲ, ಆ ದಿನದ ವಿಡಿಯೋ. ನನ್ನ ಕಣ್ಣಿಂದ ಕಂಡದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಸ್ಸಿನಲ್ಲಿ ಮರಳುವಾಗ ನನಗೆ ಗುಂಡಿಗಿಂತ ಹೆಚ್ಚು ಹೆದರಿಕೆಯಾದದ್ದು ಇದರಿಂದ.

ಹೇಳಿಕೆ ಕೊಡುವ ದಿನ ಬಂತು. ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೋಣೆಯಲ್ಲಿ ಅವರು, ಟೈಪ್ ಮಾಡುವವರು, ನಾನು. ಯಾರ ಒತ್ತಡವೂ ಇಲ್ಲವಲ್ಲ ಎಂದು ಕೇಳಿದರು. ಎಲ್ಲರದೂ ಇದೆ ಎನ್ನಬೇಕೆನಿಸಿತು; ಇಲ್ಲ ಎಂದೆ. ನಡೆದದ್ದನ್ನು ಹೇಳಿದೆ. ಹಾರ, ಪಟಾಕಿ, ಮಂಡಿಯೂರಿದ್ದು, ಹಣ್ಣು. ಆಮೇಲೆ ಅವರು ಕೇಳಿದರು: “ಮುಂದೆ ಬರಬೇಕು ಅಂತ ಹೇಳುವುದಕ್ಕೆ ನಿಮಗೆ ಯಾರಾದರೂ ಸೂಚನೆ ಕೊಟ್ಟರಾ?”

ಟೈಪಿನ ಸದ್ದು ನಿಂತಿತು. ಫ್ಯಾನು ತಿರುಗುತ್ತಿತ್ತು. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಂಥ ಖಾಲಿ ನನ್ನ ಆಯುಷ್ಯದಲ್ಲಿ ನಾನು ಸಹಿಸಿದ್ದಿಲ್ಲ. ನಾಲಿಗೆಯ ತುದಿಗೆ ವಾಕ್ಯವೊಂದು ತಾನಾಗಿ ಬಂದು ನಿಂತಿತು. ಛಾಯಾಗ್ರಾಹಕರು ಕೈಸನ್ನೆ ಮಾಡಿದರು, ನಾನು ಅದರಂತೆ ವಿನಂತಿಸಿದೆ. ಎಂಥ ದುಂಡನೆಯ ವಾಕ್ಯ! ಅದರ ಬೆನ್ನಿಗೇ ಇನ್ನೊಂದು ಬಂತು: ಯಾರೂ ಸೂಚಿಸಲಿಲ್ಲ, ನಾನೇ ಸ್ವಇಚ್ಛೆಯಿಂದ ವಿನಂತಿಸಿದೆ. ಅದೂ ಅಷ್ಟೇ ದುಂಡಗಿತ್ತು. ಎರಡೂ ನನ್ನವೇ. ಎರಡನ್ನೂ ಹೇಳುವ ಧ್ವನಿ ನನ್ನಲ್ಲಿತ್ತು. ಹೇಳಿದ ಮೇಲೆ ಹೇಳಿದ್ದೇ ನನಗೆ ಕಾಣತೊಡಗುತ್ತದೆ ಎನ್ನುವುದೂ ಗೊತ್ತಿತ್ತು.

“ಗೊತ್ತಿಲ್ಲ” ಎಂದೆ.

“ನೆನಪು ಮಾಡಿಕೊಳ್ಳಿ. ಸಮಯ ಇದೆ.”

“ಮಾಡಿಕೊಂಡಷ್ಟೂ ಬೇರೆಯವರ ನೆನಪು ಬರುತ್ತದೆ ಮೇಡಂ. ನನ್ನದು ಇಷ್ಟೇ. ಗೊತ್ತಿಲ್ಲ.”

ಅವರು ಕಾದರು. ನಾನು ಹಲ್ಲು ಕಚ್ಚಿಕೊಂಡು ಕೂತೆ. ಕೊನೆಗೆ ಟೈಪಿನವರು ಆ ಒಂದು ಪದವನ್ನು ಬಡಿದರು. ಎಷ್ಟು ಬೇಗ ಮುಗಿಯಿತು ಅದು.

ಹೊರಗೆ ಬೇವಿನ ಮರದ ಕೆಳಗೆ ಮಹಾದೇವಿ ನಿಂತಿದ್ದಳು. ನಾನು ಹೇಳಿದ್ದನ್ನು ಹೇಳಿದೆ.

“ಗೊತ್ತಿಲ್ಲ ಅಂದ್ರ ನಮಗ ಛಲೋ ಆತೋ ಕೆಟ್ಟಾ ಆತೋ, ಅಕ್ಕೋರ?”

“ಅದೂ ಗೊತ್ತಿಲ್ಲ ಮಹಾದೇವಿ.”

“ಇಷ್ಟು ಕಲ್ತೀರಿ” ಎಂದಳು. ಸಿಟ್ಟಿನಿಂದಲೋ ಸುಸ್ತಿನಿಂದಲೋ ತಿಳಿಯಲಿಲ್ಲ. ಆದರೆ ಆಟೋ ಬಂದಾಗ ಅವಳು ಮೊದಲು ಹತ್ತಿ, ನನಗೆ ಜಾಗ ಬಿಟ್ಟು ಒಳಗೆ ಸರಿದು ಕೂತಳು. ಕೋಟೆ ಕಡೆಗೆ ಎಂದೆವು.

ಆಟೋದವರು ನಡುವಯಸ್ಸಿನವರು, ಮಾತಿನ ಮನುಷ್ಯ. ಕೋರ್ಟಿನಿಂದ ಹತ್ತಿದವರು ಎಂದು ಅವರಿಗೆ ವಿಷಯ ಸಿಕ್ಕಿತು. ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ, ಕಮಲಾಪುರದ ಗೌಡರ ಕೇಸು ಗೊತ್ತಲ್ಲ, ಅದರ ಅಸಲಿ ಕಥೆ ಪೇಪರಿನಲ್ಲಿ ಬಂದಿಲ್ಲ ಎಂದರು. ತಮ್ಮ ಷಡ್ಡಕನ ಮಗ ಅವತ್ತು ಅಲ್ಲೇ ಇದ್ದನಂತೆ. ಆ ಮೈಕಿನ ಹೆಣ್ಣುಮಗಳು ಮತ್ತು ಫೋಟೋದವನು ಮೊದಲಿನಿಂದಲೂ ಒಂದೇ ಗುಂಪಂತೆ. ಆಕೆ ಯಾರ ಕಡೆ ನೋಡಿ ತಲೆಯಾಡಿಸಿದಳು ಎನ್ನುವುದನ್ನು ಅವನು ಎದುರಿಗೇ ನಿಂತು ಕಂಡಿದ್ದಾನಂತೆ.

ಮಹಾದೇವಿಯ ಕೈ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿಯಿತು. ನಾನು ಮುಂದಕ್ಕೆ ಬಾಗಿದೆ.

“ಯಾರ ಕಡಿ ನೋಡಿದ್ಲಂತ್ರಿ?” ಎಂದು ಕೇಳಿದೆ.